ಅಜ್ಜನ ಟ್ರಂಕಿನಾಗ ಎರಡು ಕಟ್ಟು

ಪ್ರೀತಿಯ ದೋಸ್ತ,

ಧಾರವಾಡದಾಗ ನಾಕು ದಿನದಿಂದ ಜಿಟಿಜಿಟಿ ಮಳಿ. ಹೊರಗ ಕಾಲಿಡಲಿಕ್ಕೆ ಬರದಂಗಾಗಿ, ಅಟ್ಟದ ಮ್ಯಾಲಿನ ಅಜ್ಜನ ಟ್ರಂಕ್ ಇಳಿಸಿಕೊಂಡು ಕೂತೆ. ಒಳಗ ಎರಡು ಕಟ್ಟು ಕಾಗದ. ಒಂದು ಮುತ್ತಜ್ಜಂದು: ಹೊಲದ ಲೆಕ್ಕ, ಸಾಲದ ಪತ್ರ, ಎಲ್ಲಾ ಮೋಡಿ ಅಕ್ಷರ, ಅಂದ್ರ ಹಿಂದಕ ಮರಾಠಿ ಬರಿಲಿಕ್ಕೆ ಬಳಸ್ತಿದ್ದ ಲಿಪಿ. ಇನ್ನೊಂದು ಅಜ್ಜಂದು, ದುಂಡನ್ನ ಕನ್ನಡ. ಇಬ್ಬರೂ ಮನಿಯಾಗ ಆಡಿದ್ದು ಕನ್ನಡನ. ಬರಿಯೋ ಅಕ್ಷರ ಮಾತ್ರ ಒಂದ ತಲಿಮಾರಿನಾಗ ಬದಲಾಗಿಬಿಟ್ಟದ.

ಹೋದ ಸಲ ಬಂದಾಗ ನೀ ಕೇಳಿದ್ದಿ, 'ನವೋದಯ ನವೋದಯ ಅಂತೀರಿ, ನಾಕು ಮಂದಿ ಕವಿಗಳಿಂದ ನಾಡಿಗೇನಾತು?' ಅಂತ. ಹೋದ ಶತಮಾನದ ಶುರುವಿನಾಗ ಕನ್ನಡ ಸಾಹಿತ್ಯಕ್ಕ ಬಂದ ಆ ಹೊಸ ಹುಟ್ಟಿನ ಬಗ್ಗೆ ಅವತ್ತ ನನಗ ಉತ್ತರ ಹೊಳಿಲಿಲ್ಲ. ಈ ಎರಡು ಕಟ್ಟು ನೋಡಿದ ಮ್ಯಾಲೆ ಹೊಳೀತು.

ಕವಿಗಳಿಗಿಂತ ಮೊದಲ ಮಾಸ್ತರು ಬಂದಿದ್ದರು. ಪೇಶ್ವೆಯವರು ಹೋಗಿ ಮುಂಬೈ ಸರಕಾರ ಬಂದರೂ ನಮ್ಮ ಕಡೆ ಕಚೇರಿ, ಸಾಲಿ ಎರಡರಾಗೂ ಮರಾಠಿನ ನಡೀತಿತ್ತು. ಮನಿಯಾಗ ಒಂದು ಮಾತು, ಸಾಲಿಯಾಗ ಇನ್ನೊಂದು. 1860ರ ದಶಕದಾಗ ಡೆಪ್ಯುಟಿ ಚನ್ನಬಸಪ್ಪನವರು ಶಿಕ್ಷಣ ಖಾತೆಯೊಳಗಿದ್ದುಕೊಂಡ ಕನ್ನಡ ಸಾಲಿ ತೆರೆಸಿದರು, ಅದಕ್ಕ ಬೇಕಾದ ಮಾಸ್ತರನ್ನ ತಯಾರು ಮಾಡಿದರು. ಶೇಕ್ಸ್‌ಪಿಯರನ ನಾಟಕಾನೂ ಕನ್ನಡಕ್ಕ ತಂದರು. ಓದೋ ಹುಡುಗರ ಇಲ್ಲದಿದ್ದರ ಮುಂದ ಬೇಂದ್ರೆಯವರ ಹಾಡು ಯಾರ ಕೈಗೆ ಮುಟ್ಟತಿತ್ತು ಹೇಳು? ಚನ್ನಬಸಪ್ಪನವರ ಹೆಸರು ನಮ್ಮ ಮಕ್ಕಳಿಗೆ ಗೊತ್ತಿಲ್ಲ ಅಂದ್ರ ನನಗ ಭಾಳ ಸಂಕಟ ಆಗತದ.

ಆಮ್ಯಾಲೆ 1890ರಾಗ ರಾ. ಹ. ದೇಶಪಾಂಡೆಯವರು ವಿದ್ಯಾವರ್ಧಕ ಸಂಘ ಕಟ್ಟಿದರು. 'ಸಿರಿಗನ್ನಡಂ ಗೆಲ್ಗೆ' ಅನ್ನೋ ಘೋಷ ಅವರದ. ಸಂಘದ 'ವಾಗ್ಭೂಷಣ' ಪತ್ರಿಕೆ ಹೊರಟಿತು. ಆಲೂರು ವೆಂಕಟರಾಯರು 1905ರಾಗ ಹಂಪಿ ನೋಡಿ ಬಂದವರು ಮತ್ತ ಮೊದಲಿನಂಗ ಉಳೀಲಿಲ್ಲ. ವಕೀಲಿ ಬಿಟ್ಟು, ಚಾಲುಕ್ಯರು, ರಾಷ್ಟ್ರಕೂಟರು, ವಿಜಯನಗರದವರು ನಮ್ಮವರು ಅಂತ ಕನ್ನಡಿಗರಿಗೆ ತಿಳಿಸಲಿಕ್ಕೆ ಹತ್ತಿದರು. 1917ರ ಅವರ 'ಕರ್ನಾಟಕ ಗತವೈಭವ' ಆ ಹೊತ್ತಿನ ಓದುಗರಿಗೆ ತಮ್ಮ ಮನಿ ವಂಶಾವಳಿ ಸಿಕ್ಕಂಗ ಆಗಿರಬೇಕು. ಯಾಕಂದ್ರ ಆಗ ಕನ್ನಡಿಗರು ಮುಂಬೈ, ಮದ್ರಾಸು, ಮೈಸೂರು, ಹೈದರಾಬಾದು, ಕೊಡಗು ಅಂತ ಹರಿದು ಹಂಚಿಹೋಗಿದ್ದರು.

1924ರ ಬೆಳಗಾವಿ ಕಾಂಗ್ರೆಸ್ಸಿನಾಗ ಗದಗಿನ ಹುಯಿಲಗೋಳ ನಾರಾಯಣರಾಯರ 'ಉದಯವಾಗಲಿ ನಮ್ಮ ಚೆಲುವ ಕನ್ನಡ ನಾಡು' ಹಾಡು ಮೊಳಗಿತು, 1956ಕ್ಕ ನಾಡು ಒಂದಾತು. ಅದು ನಿನಗೂ ಗೊತ್ತದ.

ಗೊತ್ತಿದ್ದೂ ನಾವು ಮರಿಯೋದು ಒಂದದ. ಬೇಂದ್ರೆಯವರ ಮನಿಮಾತು ಮರಾಠಿ. ಸಾಧನಕೇರಿಯಾಗ ಕೂತು ಅವರು ಕನ್ನಡಕ್ಕ ಕೊಟ್ಟದ್ದು ಎಷ್ಟೋ, ಜೊತಿಗೆ ಮರಾಠಿಯೊಳಗೂ ಬರೆದರು. ಧಾರವಾಡದ ಈ ಹೊಸ ಹುಟ್ಟು ನನ್ನ ಕಣ್ಣಿಗೆ ದೊಡ್ಡದು ಕಾಣೋದು ಇಲ್ಲೆ. ತನ್ನ ಬಾಗಿಲಾ ತೆರಕೊಂಡಿತು, ಮಗ್ಗಲ ಮನಿಯವರನ್ನ ದೂರ ಮಾಡಲಿಲ್ಲ. 1933ರಾಗ ಜಿ. ಬಿ. ಜೋಶಿಯವರು ಶುರು ಮಾಡಿದ ಮನೋಹರ ಗ್ರಂಥಮಾಲೆ ಅನ್ನೋ ಪ್ರಕಾಶನದಿಂದ ಗಿರೀಶ ಕಾರ್ನಾಡರ 'ಯಯಾತಿ' ನಾಟಕ ಬಂತು. ಗ್ರಂಥಮಾಲೆಯ ಅಟ್ಟ ಏರಿದಾಗೆಲ್ಲಾ ಹಳೇ ಪುಸ್ತಕದ ವಾಸನಿಗೆ ನನಗ ಇವತ್ತಿಗೂ ಮೈ ಝುಂ ಅಂತದ.

ಅಜ್ಜನ ಕಟ್ಟು ಪೂರಾ ಓದಿ ಮುಗಿಸಿದೆ. ಪೇಟೆ ಧಾರಣಿ, ಅಜ್ಜಿಯ ಜ್ವರ, ಮಳಿ ತಡಾ ಆದದ್ದು. ಮುತ್ತಜ್ಜನ ಕಟ್ಟು ಹಂಗ ಅದ. ಪುಣೆದಾಗ ಮೋಡಿ ಓದೋರು ನಿನ್ನ ಗುರ್ತಿನವರು ಯಾರರ ಇದ್ದರ ತಿಳಸು. ಫೋಟೊ ತಗದು ಕಳಸ್ತೀನಿ. ಕಾಗದ ಮುಟ್ಟಿದರ ಪುಡಿ ಆಗಲಿಕ್ಕತ್ತಾವ, ತಡಾ ಮಾಡಬ್ಯಾಡ.

ನಿನ್ನ ಧಾರವಾಡದ ಗೆಳೆಯ