ಮಗಳಿಗೊಂದು ಪತ್ರ: ಶಾಲೆಯ ಬಾಗಿಲ ಮೇಲಿನ ಹೆಸರು

ಸಾಗರ, ಭಾನುವಾರ

ಪ್ರೀತಿಯ ಪುಟ್ಟಿ,

ನೀನು ಕಳಿಸಿದ ಫೋಟೊ ನೋಡಿದೆ. ಶಾಲೆಯ ಬಾಗಿಲು, ಮೇಲೆ ಕಲ್ಲಿನಲ್ಲಿ ಕೊರೆದ ಹೆಸರು, ಕೆಳಗೆ ನೀನೂ ನಿನ್ನ ರೂಮ್‌ಮೇಟೂ. ನೀನು ಹಲ್ಲು ಕಿರಿದಿದ್ದೀಯ, ಅವಳು ಮುಖ ಗಂಟು ಹಾಕಿಕೊಂಡಿದ್ದಾಳೆ. "ಅಪ್ಪಾ, ಈ ಜೂಲ್ ಫೆರಿ ಯಾರು? ಇಲ್ಲಿ ಎಲ್ಲಿ ಹೋದರೂ ಒಂದು ಶಾಲೆಗೋ ರಸ್ತೆಗೋ ಇವನ ಹೆಸರು. ಇವಳು ವಿಯೆಟ್ನಾಮಿನವಳು, ಈ ಹೆಸರು ಕಂಡರೆ ಆಗಲ್ಲ ಅಂತಾಳೆ" ಅಂತ ಕೇಳಿದ್ದೀಯ. ವಾಟ್ಸಾಪಿನಲ್ಲೇ ಉತ್ತರ ಬರೆಯೋಣ ಅಂತ ಕೂತೆ. ಹೆಬ್ಬೆರಳು ಸೋತಿತು. ಅದಕ್ಕೇ ಈ ಕಾಗದ.

ಇಪ್ಪತ್ತೆಂಟು ವರ್ಷ ಮಕ್ಕಳಿಗೆ ಚರಿತ್ರೆ ಹೇಳಿದವನು ನಾನು. ಆದರೂ ತರಗತಿಯಲ್ಲಿ ಒಮ್ಮೆಯೂ ಫೆರಿಯ ಹೆಸರು ಎತ್ತಿದ ನೆನಪಿಲ್ಲ. ನಮ್ಮ ಪಾಠ ನೆಪೋಲಿಯನ್‌ನಿಂದ ಬಿಸ್ಮಾರ್ಕ್‌ಗೆ ಹಾರುತ್ತಿತ್ತು, ಅಲ್ಲಿಂದ ಸೀದಾ ಮಹಾಯುದ್ಧಕ್ಕೆ. ನಡುವೆ ಫ್ರಾನ್ಸಿನಲ್ಲಿ ಏನಾಯಿತು ಅಂತ ಪರೀಕ್ಷೆಯಲ್ಲಿ ಯಾರೂ ಕೇಳುತ್ತಿರಲಿಲ್ಲ. ನಾನು ಇದನ್ನೆಲ್ಲ ಓದಿದ್ದು ನನ್ನ ಖುಷಿಗೆ.

ಮೊದಲೇ ಹೇಳಿಬಿಡುತ್ತೇನೆ. ನೀನು ನಕ್ಕಿದ್ದೂ ಸರಿ, ಅವಳು ಮುಖ ಗಂಟು ಹಾಕಿದ್ದೂ ಸರಿ.

ಫೆರಿ ಹುಟ್ಟಿದ್ದು 1832ರಲ್ಲಿ, ವೋಜ್ ಬೆಟ್ಟಗಳ ಮಗ್ಗುಲಲ್ಲಿರುವ ಸ್ಯಾಂ-ದಿಯೇ ಎಂಬ ಊರಿನಲ್ಲಿ. ನೀನಿರುವ ಸ್ಟ್ರಾಸ್‌ಬರ್ಗ್‌ನಿಂದ ಬೆಟ್ಟ ದಾಟಿದರೆ ಆಚೆ ಮಗ್ಗುಲು. ಅಪ್ಪ ವಕೀಲ, ಮಗನೂ ವಕೀಲನಾದ. ಆದರೆ ಪೇಪರಿಗೆ ಬರೆದೇ ಜಾಸ್ತಿ ಹೆಸರಾಯಿತು. ಆಗ ಪ್ಯಾರಿಸ್ಸನ್ನು ಒಡೆದು ಅಗಲ ರಸ್ತೆ ಮಾಡಿಸುತ್ತಿದ್ದ ಹೌಸ್ಮಾನ್ ಎಂಬ ದೊಡ್ಡ ಅಧಿಕಾರಿಯ ಲೆಕ್ಕಪತ್ರವನ್ನು ಈತ 1868ರಲ್ಲಿ ಬಯಲಿಗೆಳೆದ. ಫ್ರೆಂಚಿನಲ್ಲಿ 'ಕಥೆ' ಮತ್ತು 'ಲೆಕ್ಕ' ಕೇಳಲು ಒಂದೇ ಥರವಂತೆ. ಅದನ್ನೇ ಹಿಡಿದು ತಲೆಬರಹ ಕಟ್ಟಿದ. ಊರೆಲ್ಲ ನಕ್ಕಿತು. ಮರುವರ್ಷ ಪ್ಯಾರಿಸ್ಸಿನಿಂದಲೇ ಶಾಸನಸಭೆಗೆ ಗೆದ್ದ.

ಆ ನಗು ಜಾಸ್ತಿ ದಿನ ಬಾಳಲಿಲ್ಲ. 1870ರಲ್ಲಿ ಜರ್ಮನ್ ನಾಡುಗಳ ಮುಂದಾಳಾಗಿದ್ದ ಪ್ರಶ್ಯದ ಜೊತೆ ಯುದ್ಧ. ಫ್ರಾನ್ಸಿನ ಚಕ್ರವರ್ತಿ ಸೆರೆ ಸಿಕ್ಕ, ಗಣರಾಜ್ಯದ ಘೋಷಣೆ ಆಯಿತು, ಪ್ಯಾರಿಸ್ಸಿಗೆ ಮುತ್ತಿಗೆ ಬಿತ್ತು. ಮುತ್ತಿಗೆಯ ಊರಿಗೆ ಅನ್ನ ಹಂಚುವ ಕೆಲಸ ಬಂದದ್ದು ಫೆರಿಯ ತಲೆಗೆ. ಜನವರಿಯ ಹೊತ್ತಿಗೆ ಒಬ್ಬರಿಗೆ ದಿನಕ್ಕೆ 300 ಗ್ರಾಂ ಬ್ರೆಡ್ಡು, ಅದರಲ್ಲೂ ಅರ್ಧ ಗೋಧಿಯೋ ಹೊಟ್ಟೋ ಗೊತ್ತಾಗದಂಥದ್ದು. ಜನ ಕುದುರೆ ತಿಂದರು, ಇಲಿ ತಿಂದರು. ಮೃಗಾಲಯದ ಎರಡು ಆನೆಗಳನ್ನೂ ಬಿಡಲಿಲ್ಲ. ಹಂಚುವವನಿಗೆ ಎಲ್ಲಿದ್ದರೂ ಬೈಗುಳವೇ, ಅಲ್ವಾ? 'ಬರಗಾಲದ ಫೆರಿ' ಅಂತ ಅಡ್ಡಹೆಸರು ಬಿತ್ತು. ಆಮೇಲೆ ಎಷ್ಟೇ ಶಾಲೆ ಕಟ್ಟಿಸಿದರೂ ಪ್ಯಾರಿಸ್ಸು ಅವನನ್ನು ಮನಸ್ಸಿನಿಂದ ಒಪ್ಪಿಕೊಳ್ಳಲಿಲ್ಲ.

ಯುದ್ಧ ಸೋತ ಫ್ರಾನ್ಸು ಅಲ್ಸಾಸ್ ಬಿಟ್ಟುಕೊಟ್ಟಿತು, ಲೊರೇನಿನ ಒಂದು ಭಾಗವನ್ನೂ. ಅಂದರೆ ನೀನು ಈಗ ಸೈಕಲ್ ತುಳಿಯುವ ಸ್ಟ್ರಾಸ್‌ಬರ್ಗ್ 1871ರಿಂದ ಜರ್ಮನಿಯ ಪಾಲು. ಫೆರಿಯ ಊರು ಫ್ರಾನ್ಸಿನಲ್ಲೇ ಉಳಿಯಿತು, ಆದರೆ ಅದರ ಬೆನ್ನಿಗಿದ್ದ ಬೆಟ್ಟಸಾಲೇ ಗಡಿಯಾಯಿತು. ಸೋತಿದ್ದು ಯಾಕೆ ಅಂತ ಎಲ್ಲರೂ ಕಾರಣ ಹುಡುಕುತ್ತಿದ್ದರು. ಗೆದ್ದಿದ್ದು ಪ್ರಶ್ಯದ ಸೈನಿಕನಲ್ಲ, ಪ್ರಶ್ಯದ ಶಾಲಾ ಮೇಷ್ಟ್ರು ಅನ್ನುವ ಮಾತು ಆಗ ಎಲ್ಲರ ಬಾಯಲ್ಲಿತ್ತು. ಮೇಷ್ಟ್ರಾಗಿದ್ದ ನನಗೆ ಈ ಮಾತು ಕೇಳಿದರೆ ಒಳಗೊಳಗೇ ಖುಷಿ. ಪೂರ್ತಿ ನಿಜವಲ್ಲ ಅಂತ ಗೊತ್ತಿದ್ದರೂ.

1879ರಲ್ಲಿ ಫೆರಿ ಶಿಕ್ಷಣ ಮಂತ್ರಿಯಾದ. ಮುಂದಿನ ಆರು ವರ್ಷಗಳಲ್ಲಿ ಎರಡು ಸಲ ಪ್ರಧಾನಿಯೂ ಆದ. 1879ರಲ್ಲೇ ಪ್ರತಿ ಜಿಲ್ಲೆಯಲ್ಲೂ ಶಿಕ್ಷಕಿಯರನ್ನು ತಯಾರು ಮಾಡುವ ಒಂದು ಶಾಲೆ ಇರಲೇಬೇಕು ಅಂತ ಕಾನೂನು ಬಂತು. 1880ರ ಡಿಸೆಂಬರಿನಲ್ಲಿ ಹುಡುಗಿಯರಿಗೆ ಸರ್ಕಾರಿ ಪ್ರೌಢಶಾಲೆ. ಇದನ್ನು ತಂದವನು ಕಮೀಲ್ ಸೇ ಎಂಬ ಇನ್ನೊಬ್ಬ ಸದಸ್ಯ, ಬೆನ್ನಿಗೆ ನಿಂತವನು ಫೆರಿ. 1881ರ ಜೂನಿನಲ್ಲಿ ಪ್ರಾಥಮಿಕ ಶಾಲೆಗೆ ಫೀಸೇ ಇಲ್ಲ ಅಂತಾಯಿತು. 1882ರ ಮಾರ್ಚ್ 28ರ ಕಾನೂನು ಎಲ್ಲಕ್ಕಿಂತ ದೊಡ್ಡದು. 6ರಿಂದ 13 ವರ್ಷದ ಪ್ರತಿ ಮಗುವಿಗೂ ಓದು ಕಡ್ಡಾಯ, ಗಂಡೋ ಹೆಣ್ಣೋ ಕೇಳುವಂತಿಲ್ಲ. ಸರ್ಕಾರಿ ಶಾಲೆಯಲ್ಲಿ ಧರ್ಮದ ಪಾಠ ಇಲ್ಲ. ಬೇಕಾದವರು ಭಾನುವಾರವಲ್ಲದೆ ಇನ್ನೊಂದು ದಿನದ ರಜೆಯಲ್ಲಿ ಹೊರಗೆ ಕಲಿಸಿಕೊಳ್ಳಬಹುದು.

ಆ ಕಾನೂನಿನಲ್ಲಿ ಒಂದು ಸಣ್ಣ ಕಲಮು ನನಗೆ ಭಾರೀ ಇಷ್ಟ. ಮಗುವನ್ನು ಸರಿಯಾಗಿ ಶಾಲೆಗೆ ಕಳಿಸದ ಅಪ್ಪನನ್ನು ಮೊದಲು ಕರೆದು ಬುದ್ಧಿ ಹೇಳುತ್ತಾರೆ. ಮತ್ತೆ ತಪ್ಪಿದರೆ ಅವನ ಹೆಸರು, ಕಸುಬು, ಮಾಡಿದ ತಪ್ಪು ಬರೆದು ಪುರಸಭೆಯ ಬಾಗಿಲಿಗೆ 15 ದಿನವೋ ಒಂದು ತಿಂಗಳೋ ಅಂಟಿಸುತ್ತಾರೆ. ನಮ್ಮೂರ ಪಂಚಾಯಿತಿ ಬಾಗಿಲಿಗೂ ಹಾಗೆ ಅಂಟಿಸುವ ಪದ್ಧತಿ ಇದ್ದಿದ್ದರೆ ನಿನ್ನ ಅಜ್ಜನ ಹೆಸರಿನ ಮೇಲೆ ಮಳೆಗಾಲ ಕಳೆದು ಬೇಸಿಗೆ ಬಂದರೂ ಇನ್ನೊಂದು ಕಾಗದ ಬೀಳುತ್ತಿರಲಿಲ್ಲ. ನಿನ್ನ ದೊಡ್ಡತ್ತೆಯನ್ನು ನಾಲ್ಕನೇ ಕ್ಲಾಸಿಗೇ ಬಿಡಿಸಿದ್ದು ಯಾಕೆ ಗೊತ್ತಾ? ತೊಟ್ಟಿಲಲ್ಲಿದ್ದ ನನ್ನನ್ನು ನೋಡಿಕೊಳ್ಳಲು. ಅವಳು ಈಗಲೂ ಇದನ್ನು ನಗುತ್ತಲೇ ಹೇಳುತ್ತಾಳೆ. ನಾನು ಎದ್ದು ನೀರು ಕುಡಿಯುವ ನೆಪದಲ್ಲಿ ಒಳಗೆ ಹೋಗುತ್ತೇನೆ.

ಹಾಗಂತ ಫೆರಿ ಹೆಣ್ಣುಮಕ್ಕಳ ದೇವರು ಅಂದುಕೊಳ್ಳಬೇಡ. 1870ರ ಏಪ್ರಿಲಿನಲ್ಲಿ, ಇನ್ನೂ ಮಂತ್ರಿಯಾಗುವ ಮೊದಲು, ಅವನು ಶಿಕ್ಷಣದ ಸಮಾನತೆ ಬಗ್ಗೆ ಒಂದು ಭಾಷಣ ಮಾಡಿದ್ದ. ಹೆಣ್ಣನ್ನು ಹಿಡಿದವನು ಎಲ್ಲವನ್ನೂ ಹಿಡಿದಂತೆ, ಮೊದಲು ಮಗು ಅವನ ಕೈಗೆ ಬರುತ್ತದೆ, ಆಮೇಲೆ ಗಂಡ ಬರುತ್ತಾನೆ ಅಂದಿದ್ದ. ಹೆಣ್ಣು ಒಂದೋ ವಿಜ್ಞಾನದ ಕಡೆ ಇರಬೇಕು, ಇಲ್ಲ ಚರ್ಚಿನ ಕಡೆ. ಅವನಿಗೆ ಅವಳು ಈ ಕಡೆ ಬೇಕಿತ್ತು. ಅವಳಿಗೇ ಏನು ಬೇಕಿತ್ತು? ಆ ಪ್ರಶ್ನೆ ಅಲ್ಲಿ ಅಷ್ಟಾಗಿ ಕಾಣಿಸುವುದಿಲ್ಲ. ಕಾನೂನಿನಲ್ಲಿ ಗಂಡುಮಕ್ಕಳಿಗೆ ಕವಾಯತು, ಹೆಣ್ಣುಮಕ್ಕಳಿಗೆ ಸೂಜಿಕೆಲಸ. ಹುಡುಗಿಯರ ಪ್ರೌಢಶಾಲೆ ಮುಗಿಸಿದರೆ ಸಿಗುತ್ತಿದ್ದುದು ಬೇರೆಯದೇ ಸರ್ಟಿಫಿಕೇಟು, ಯೂನಿವರ್ಸಿಟಿಯ ಬಾಗಿಲು ತೆರೆಯುವ ಬಕಾಲೋರಿಯಾ ಅಲ್ಲ. ಆ ಅಂತರ ಹೋಗಿದ್ದು 1924ರಲ್ಲಿ. ಮತದಾನದ ಹಕ್ಕು ಬಂದದ್ದು ಇನ್ನೂ ತಡವಾಗಿ, 1944ರಲ್ಲಿ. ಆದರೂ ಬಾಗಿಲು ತೆರೆದವನ ಮನಸ್ಸಿನಲ್ಲಿ ಏನಿತ್ತು ಅನ್ನುವುದು ಒಳಗೆ ಬಂದ ಹುಡುಗಿಯನ್ನು ಕಟ್ಟಿಹಾಕಲಿಲ್ಲ. ಅವಳು ತನಗೆ ಬೇಕಾದ್ದನ್ನು ಓದಿದಳು.

ಇನ್ನೊಂದು ಸಂಗತಿ. ಆ ಶಾಲೆಗಳಲ್ಲಿ ಪಾಠ ಫ್ರೆಂಚಿನಲ್ಲಿ ಮಾತ್ರ. ಫ್ರಾನ್ಸಿನ ಪಶ್ಚಿಮದ ಬ್ರಿಟನಿ ಕಡೆ ಮನೆಯಲ್ಲಿ ಬ್ರೆಟನ್ ಆಡುವ ಮಗು ಶಾಲೆಯಲ್ಲಿ ಬಾಯಿ ತಪ್ಪಿ ಅದನ್ನೇ ಆಡಿದರೆ ಕುತ್ತಿಗೆಗೆ ಮರದ ತುಂಡೋ ಏನೋ ಒಂದು ನೇತುಹಾಕುತ್ತಿದ್ದರು. ಬ್ರೆಟನ್ ಆಡುವ ಇನ್ನೊಬ್ಬ ಸಿಗುವ ತನಕ ಅದನ್ನು ಹೊತ್ತು ತಿರುಗಬೇಕು. ಕಾನೂನಿನಲ್ಲಿ ಹಾಗೆ ಬರೆದಿರಲಿಲ್ಲ, ಮೇಷ್ಟ್ರುಗಳ ರೂಢಿಯಲ್ಲಿತ್ತು. ನೀನು ಎರಡನೇ ಕ್ಲಾಸಿನಲ್ಲಿ ಕನ್ನಡ ಮಾತಾಡಿದ್ದಕ್ಕೆ ಹತ್ತು ರೂಪಾಯಿ ದಂಡ ಕಟ್ಟಿ ಬಂದೆಯಲ್ಲ, ನೆನಪಿದೆಯಾ? ನಾನು ಜಗಳಕ್ಕೆ ಹೊರಟೆ, ನಿಮ್ಮಮ್ಮ ತಡೆದಳು. ಓದುವಾಗ ಅದೇ ನೆನಪಾಯಿತು.

ಇದೇ ಫೆರಿ 1883ರ ನವೆಂಬರಿನಲ್ಲಿ ದೇಶದ ಎಲ್ಲ ಮೇಷ್ಟ್ರುಗಳಿಗೆ ಒಂದು ಪತ್ರ ಬರೆದ. ಮಕ್ಕಳಿಗೆ ನೀತಿ ಹೇಳುವ ಮುಂಚೆ ಒಂದು ಕ್ಷಣ ಯೋಚಿಸಿ, ನಿಮ್ಮ ಕ್ಲಾಸಿನಲ್ಲಿ ಒಬ್ಬನೇ ಒಬ್ಬ ಅಪ್ಪ ಕೂತು ಕೇಳುತ್ತಿದ್ದರೆ ನೀವು ಹೇಳುವುದನ್ನು ಅವನು ಪ್ರಾಮಾಣಿಕವಾಗಿ ಒಪ್ಪದೆ ಇರಬಹುದೇ, ಹಾಗಿದ್ದರೆ ಹೇಳಬೇಡಿ. ಮಾತಿನ ತಿರುಳು ಇಷ್ಟು. ನಾನು ಇದನ್ನು ಮೊದಲು ಓದಿದಾಗ ಪುಸ್ತಕ ಮುಚ್ಚಿಟ್ಟು ಹೊರಗೆ ಹೋಗಿ ನಿಂತೆ. ಕೊನೆ ಬೆಂಚಿನಲ್ಲಿ ಒಬ್ಬ ಅಪ್ಪ ಕೂತಿದ್ದಾನೆ ಅಂದುಕೊಂಡು ಎಷ್ಟು ದಿನ ಪಾಠ ಮಾಡಿದ್ದೆ ನಾನು?

ಈಗ ನಿನ್ನ ಗೆಳತಿಯ ವಿಷಯಕ್ಕೆ ಬರುತ್ತೇನೆ. ಆ ಪತ್ರ ಬರೆದ ಹೊತ್ತಿನಲ್ಲೇ ಅವನ ಸೈನ್ಯ ಟೊಂಕಿನ್‌ನಲ್ಲಿತ್ತು. ಅಂದರೆ ಈಗಿನ ಉತ್ತರ ವಿಯೆಟ್ನಾಂ. ಅದಕ್ಕೂ ಮುಂಚೆ, 1881ರ ಮೇ ತಿಂಗಳಲ್ಲಿ, ಟುನೀಶಿಯಾ ಫ್ರಾನ್ಸಿನ ರಕ್ಷಣೆಗೆ ಒಳಪಟ್ಟ ನಾಡಾಗಿತ್ತು. 'ರಕ್ಷಣೆ' ಅನ್ನುವುದು ಅವರು ಕೊಟ್ಟ ಹೆಸರು. ಲೆಕ್ಕ ಹಾಕಿ ನೋಡು, ಶಾಲೆ ಫೀಸು ರದ್ದಾಗಿದ್ದು ಅದರ ಮರುತಿಂಗಳು. ಟೊಂಕಿನ್ ವಿಷಯ ಚೀನಾದ ಜೊತೆ ಯುದ್ಧಕ್ಕೇ ಎಳೆಯಿತು. 1885ರ ಮಾರ್ಚ್ ಕೊನೆಯಲ್ಲಿ ಲಾಂಗ್ ಸೋನ್ ಎಂಬ ಕಡೆ ಸೇನಾಪತಿ ಗಾಯಗೊಂಡ. ಅವನ ಜಾಗಕ್ಕೆ ಬಂದ ಅಧಿಕಾರಿ ಗಾಬರಿಬಿದ್ದು ತೋಪುಗಳನ್ನೂ ಹಣದ ಪೆಟ್ಟಿಗೆಯನ್ನೂ ನದಿಗೆ ಎಸೆದು ಹಿಂದೆ ಸರಿದ. ಪ್ಯಾರಿಸ್ಸಿಗೆ ತಂತಿ ಹೋಯಿತು. ತಂತಿಯಲ್ಲಿ ಇದ್ದಷ್ಟು ಕೆಟ್ಟಿರಲಿಲ್ಲ ಸ್ಥಿತಿ. ಆದರೆ ಅದು ಗೊತ್ತಾಗಿದ್ದು ಆಮೇಲೆ.

ಮಾರ್ಚ್ 30ರಂದು ಫೆರಿ ಸಭೆಗೆ ಬಂದು ಯುದ್ಧಕ್ಕೆ 20 ಕೋಟಿ ಫ್ರಾಂಕ್ ಕೇಳಿದ. ಎದುರು ಪಾಳೆಯದ ಕ್ಲೆಮಾನ್ಸೊ ಎಂಬ ಸದಸ್ಯ ಎದ್ದು ನಿಂತು, ನನ್ನೆದುರು ಕೂತಿರುವವರು ಮಂತ್ರಿಗಳಲ್ಲ, ದೇಶದ್ರೋಹದ ಆರೋಪಿಗಳು ಅಂತ ಗುಡುಗಿದ. 149 ಮತ ಪರ, 306 ವಿರುದ್ಧ. ಫೆರಿಯ ಸರ್ಕಾರ ಬಿತ್ತು. ಹೊರಗೆ ಜನ 'ಟೊಂಕಿನ್ ಫೆರಿ'ಯನ್ನು ಸೇನ್ ನದಿಗೆ ಎಸೆಯಿರಿ ಅಂತ ಕೂಗುತ್ತಿದ್ದರು. ತಮಾಷೆ ನೋಡು. ಚೀನಾದ ಜೊತೆ ಸಂಧಿಯ ಮಾತು ಗುಟ್ಟಾಗಿ ಆಗಲೇ ಮುಗಿಯುತ್ತ ಬಂದಿತ್ತು. ಫೆರಿ ಬಾಯಿ ಬಿಡಲಿಲ್ಲ. ಏಪ್ರಿಲ್ 4ರಂದು ಅದಕ್ಕೆ ಸಹಿ ಬಿತ್ತು, ಅವನು ಬಿದ್ದ ಐದೇ ದಿನಕ್ಕೆ.

ಅವನನ್ನು ಬೀಳಿಸಿದವರಿಗೆ ಟೊಂಕಿನ್ ಜನರ ಮೇಲೆ ಕರುಣೆ ಉಕ್ಕಿತ್ತು ಅಂತಲೂ ಅಲ್ಲ. ಕಳೆದುಕೊಂಡ ಅಲ್ಸಾಸ್ ಬಿಟ್ಟು ಅಷ್ಟು ದೂರ ಹಣ, ಸೈನಿಕರು ಯಾಕೆ ಅನ್ನುವ ಸಿಟ್ಟೇ ಹೆಚ್ಚು. ಆದರೆ ಜುಲೈನಲ್ಲಿ ನಡೆದ ಚರ್ಚೆ ಬೇರೆ. ಅಧಿಕಾರ ಹೋದಮೇಲೆ ಫೆರಿ ತನ್ನ ಕೆಲಸ ಸಮರ್ಥಿಸಿಕೊಳ್ಳಲು ಎದ್ದು ನಿಂತ. ಕಾರ್ಖಾನೆ ಮಾಲಿಗೆ ಮಾರುಕಟ್ಟೆ ಬೇಕು, ಹಡಗಿಗೆ ಬಂದರು ಬೇಕು ಅಂದ. ಅಷ್ಟಕ್ಕೇ ನಿಲ್ಲಿಸಿದ್ದರೆ ವ್ಯಾಪಾರಿಯ ಮಾತು ಅಂತ ಬಿಡಬಹುದಿತ್ತು. ಮೇಲಿನ ಜನಾಂಗಗಳಿಗೆ ಕೆಳಗಿನ ಜನಾಂಗಗಳ ಮೇಲೆ ಹಕ್ಕಿದೆ, ಯಾಕೆಂದರೆ ಅವರನ್ನು ನಾಗರಿಕರನ್ನಾಗಿ ಮಾಡುವ ಕರ್ತವ್ಯ ಇದೆ ಅಂದ. ಎರಡು ದಿನ ಬಿಟ್ಟು ಕ್ಲೆಮಾನ್ಸೊ ಉತ್ತರ ಕೊಟ್ಟ. ಅದರಲ್ಲಿ ನಾವೂ ಇದ್ದೇವೆ, ಪುಟ್ಟಿ! ಹಿಂದೂಗಳು ಕೀಳು ಜನಾಂಗವೇ, ಕಾಲದ ಕತ್ತಲಲ್ಲಿ ಬೇರು ಬಿಟ್ಟ ಅಂಥ ನಾಗರಿಕತೆ ಇರುವವರು? ಚೀನೀಯರು ಕೀಳೇ? ಅಂತ ಕೇಳಿದ. ಫ್ರೆಂಚರು ಜರ್ಮನ್ನರಿಗಿಂತ ಕೀಳಾದ್ದರಿಂದಲೇ ಯುದ್ಧ ಸೋತರು ಅಂತ ಜರ್ಮನ್ ಪಂಡಿತರು ಶಾಸ್ತ್ರೀಯವಾಗಿ ಸಾಧಿಸಿದ್ದನ್ನು ನೋಡಿದ ಮೇಲೆ ನನಗೆ ಈ ಮಾತಿನ ಮೇಲೆ ನಂಬಿಕೆ ಹೋಗಿದೆ ಅಂದ. ಸಭೆಯಲ್ಲಿ ಇಂಥ ಏಟು ನಾನು ಬೇರೆಲ್ಲೂ ಓದಿಲ್ಲ.

ಫೆರಿಯಲ್ಲಿ ಇಬ್ಬರು ಮನುಷ್ಯರಿದ್ದರು, ಒಬ್ಬ ಒಳ್ಳೆಯವ, ಒಬ್ಬ ಕೆಟ್ಟವ ಅಂತ ತುಂಬ ಜನ ಬರೆಯುತ್ತಾರೆ. ನನಗೆ ಹಾಗೆ ಕಾಣುವುದಿಲ್ಲ. ಇದ್ದವನು ಒಬ್ಬನೇ, ಮೇಷ್ಟ್ರು. ಬ್ರೆಟನ್ ರೈತನ ಮಗನ ಮುಂದೆಯೂ ಟೊಂಕಿನ್‌ನ ಹಳ್ಳಿಯ ಮುಂದೆಯೂ ಅವನು ನಿಂತದ್ದು ಒಂದೇ ಭಂಗಿಯಲ್ಲಿ. ನನಗೆ ಗೊತ್ತು, ನಿನಗೆ ಗೊತ್ತಿಲ್ಲ, ಬಾ ಕೂರು. ಒಂದು ಕಡೆ ಕೈಯಲ್ಲಿ ಬಳಪ ಇತ್ತು, ಇನ್ನೊಂದು ಕಡೆ ಬಂದೂಕು. ಇದನ್ನು ಬರೆಯುವಾಗ ನನಗೇ ಸ್ವಲ್ಪ ಮುಜುಗರ. ನಾನೂ ಬೆತ್ತ ಹಿಡಿದವನೇ ತಾನೆ.

ಉಳಿದದ್ದು ಬೇಗ ಹೇಳುತ್ತೇನೆ. 1887ರಲ್ಲಿ ರಾಷ್ಟ್ರಪತಿಯಾಗುವ ಅವಕಾಶ ಹತ್ತಿರ ಬಂತು. ಅವನು ಬೇಡ ಅನ್ನುವವರು ಎಷ್ಟಿದ್ದರೆಂದರೆ ಕೊನೆಗೆ ಸಾದಿ ಕಾರ್ನೋ ಆಯ್ಕೆಯಾದ. ವಾರ ಕಳೆದು ಒಬ್ಬ ಬಂದು ಫೆರಿಗೆ ಗುಂಡು ಹಾರಿಸಿದ. ಬದುಕಿಕೊಂಡ. 1889ರಲ್ಲಿ ತನ್ನ ಸ್ವಂತ ಊರಲ್ಲೇ ಚುನಾವಣೆ ಸೋತ. ಮುಂದೆ ಸೆನೆಟ್‌ಗೆ ಬಂದು 1892ರಲ್ಲಿ ಅಲ್ಜೀರಿಯಾಕ್ಕೆ ಹೋಗಿ ನೋಡಿದ. ಅಲ್ಲಿ ನೆಲೆಸಿದ ಫ್ರೆಂಚರು ಸ್ಥಳೀಯರನ್ನು ನಡೆಸಿಕೊಳ್ಳುವ ರೀತಿ ಕಂಡು ಕಟುವಾಗಿಯೇ ವರದಿ ಬರೆದ. ತಡವಾಗಿ ಬಂದ ಬುದ್ಧಿಯೋ, ಇಲ್ಲ ತನ್ನ ಪಾಠವನ್ನು ಇವರು ಕೆಡಿಸಿದರು ಅನ್ನುವ ಮೇಷ್ಟ್ರ ಸಿಟ್ಟೋ? ನನಗೆ ಎರಡನೆಯದೇ ಅನ್ನಿಸುತ್ತದೆ. 1893ರ ಫೆಬ್ರವರಿಯಲ್ಲಿ ಸೆನೆಟ್ ಅಧ್ಯಕ್ಷನಾದ. ಮೂರು ವಾರಕ್ಕೆ, ಮಾರ್ಚ್ 17ರಂದು, ತೀರಿಕೊಂಡ.

ಸಮಾಧಿ ಸ್ಯಾಂ-ದಿಯೇಯಲ್ಲೇ ಇದೆ. ಅಪ್ಪನೂ ತಂಗಿಯೂ ಮಲಗಿರುವ ಗೋರಿಯಲ್ಲಿ, ವೋಜ್ ಬೆಟ್ಟದ ನೀಲಿ ಗೆರೆಗೆ ಎದುರಾಗಿ ತನ್ನನ್ನು ಮಲಗಿಸಬೇಕು, ಸೋತವರ ಗೋಳು ಅಲ್ಲಿಂದ ತನ್ನ ಎದೆಗೆ ಕೇಳಿಸುತ್ತದೆ ಅಂತ ಉಯಿಲಿನಲ್ಲಿ ಬರೆದಿದ್ದ. ಆ ಸೋತವರು ಬೆಟ್ಟದ ಈಚೆಯವರು, ನೀನಿರುವ ಊರಿನವರು. ಲಾಂಗ್ ಸೋನ್ ಬೆಟ್ಟಗಳಿಂದ ಬಂದ ಗೋಳು ಮಾತ್ರ ಅದೇ ಎದೆಗೆ ಕೇಳಿಸಿರಲಿಲ್ಲ.

ಸ್ಟ್ರಾಸ್‌ಬರ್ಗ್‌ನಿಂದ ಅಲ್ಲಿಗೆ ರೈಲಿದೆ. ಒಂದು ಶನಿವಾರ ಹೋಗಿ ಬಾ. ಬೆಟ್ಟ ನಿಜವಾಗಿ ನೀಲಿ ಕಾಣುತ್ತದಾ ನೋಡಿ ಹೇಳು, ನಮ್ಮ ಕೊಡಚಾದ್ರಿ ಮಳೆ ಬಿಟ್ಟ ಮೇಲೆ ಕಾಣುತ್ತದಲ್ಲ, ಹಾಗಾ ಅಂತ. ನಿನ್ನ ಗೆಳತಿಯನ್ನೂ ಕರಿ. ಬರಲ್ಲ ಅಂದರೆ ಒತ್ತಾಯ ಮಾಡಬೇಡ. ಬಂದರೆ ಅವಳ ಊರಿನ ಪುಸ್ತಕದಲ್ಲಿ ಇವನ ಬಗ್ಗೆ ಏನು ಬರೆದಿದ್ದಾರೆ ಅಂತ ಕೇಳಿ ನನಗೆ ಬರಿ. ಅದನ್ನು ನಾನು ಇನ್ನೂ ಓದಿಲ್ಲ.

ಅಮ್ಮ ಚಟ್ನಿಪುಡಿ ಕಟ್ಟಿಟ್ಟಿದ್ದಾಳೆ, ಪಾರ್ಸೆಲ್ ನಾಳೆ ಹೊರಡುತ್ತದೆ. ಅರ್ಧ ಅವಳಿಗೂ ಕೊಡು.

ನಿನ್ನ,
ಅಪ್ಪ