ಚೀಲದ ಜೊತೆ ಬಂದ ನ್ಯಾನೊ

ಮಾನ್ಯ ಸಂಪಾದಕರೇ,

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ, ಈಗ ರಾಣೆಬೆನ್ನೂರು ತಾಲ್ಲೂಕಿನಲ್ಲಿ ಮೂರು ಎಕರೆ ಗೋವಿನಜೋಳ ಬೆಳೆಯುತ್ತಿದ್ದೇನೆ. ಈ ಮುಂಗಾರಿನಲ್ಲಿ ಎಡೆ ಹೊಡೆಸಿ, ಮೇಲುಗೊಬ್ಬರಕ್ಕೆಂದು ಯೂರಿಯಾ ತರಲು ಹೋದೆ. ಅಂಗಡಿಯವನು ಎರಡು ಚೀಲದ ಜೊತೆ ಎಲೆಗೆ ಸಿಂಪಡಿಸುವ ದ್ರವ ಗೊಬ್ಬರವಾದ ನ್ಯಾನೊ ಯೂರಿಯಾದ ಎರಡು ಬಾಟಲಿಯನ್ನೂ ಸೇರಿಸಿ ಬಿಲ್ ಬರೆದ. ಬೇಡ ಎಂದೆ. ‘ಲಿಂಕ್ ಇದೆ ಸರ್, ಬಾಟಲಿ ಬೇಡವಾದರೆ ಚೀಲವೂ ಇಲ್ಲ’ ಎಂದ. ಹಿಂದೆ ನಿಂತಿದ್ದ ನನ್ನ ಹಳೆಯ ವಿದ್ಯಾರ್ಥಿ ಮೆಲ್ಲಗೆ, ‘ಸರ್, ಈ ನ್ಯಾನೊ ಅಂದರೇನು?’ ಎಂದು ಕೇಳಿದ. ಆ ನೂಕುನುಗ್ಗಲಿನಲ್ಲಿ ಉತ್ತರ ಹೇಳಲಾಗಲಿಲ್ಲ, ಇಲ್ಲಿ ಹೇಳುತ್ತೇನೆ.

ನ್ಯಾನೊ ಎಂಬುದು ವಸ್ತುವಲ್ಲ, ಅಳತೆ. ಗ್ರೀಕ್ ಭಾಷೆಯ ‘ಕುಬ್ಜ’ ಎಂಬ ಪದದಿಂದ ಬಂದದ್ದು. ಒಂದು ಮೀಟರನ್ನು ನೂರು ಕೋಟಿ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲು ನ್ಯಾನೊಮೀಟರ್. ತಲೆಗೂದಲಿನ ದಪ್ಪವೇ ಸುಮಾರು 80 ಸಾವಿರ ನ್ಯಾನೊಮೀಟರ್ ಆಗುತ್ತದೆ. 1ರಿಂದ 100 ನ್ಯಾನೊಮೀಟರಿನಷ್ಟು ಸಣ್ಣದಾದಾಗ ವಸ್ತುವಿನ ಗುಣವೇ ಬೇರೆಯಾಗುವುದುಂಟು. ಆ ಬೇರೆ ಗುಣವನ್ನು ಕೆಲಸಕ್ಕೆ ಹಚ್ಚುವುದೇ ನ್ಯಾನೊ ತಂತ್ರಜ್ಞಾನ. ಕೊರೊನಾ ಕಾಲದಲ್ಲಿ ಮನೆಯಲ್ಲೇ ಪರೀಕ್ಷೆ ಮಾಡಿಕೊಳ್ಳುತ್ತಿದ್ದ ಕಿಟ್ ನೆನಪಿರಬಹುದು. ಅದರ ಪಟ್ಟಿಯಲ್ಲಿ ಮೂಡುತ್ತಿದ್ದ ಕೆಂಪು ಗೆರೆ ಬಹುತೇಕ ಕಿಟ್‌ಗಳಲ್ಲಿ ಚಿನ್ನದ್ದು! ಹತ್ತಾರು ನ್ಯಾನೊಮೀಟರಿನ ಕಣವಾದಾಗ ಚಿನ್ನ ತನ್ನ ಹಳದಿ ಬಿಟ್ಟು ಕೆಂಪಗೆ ಕಾಣುತ್ತದೆ. ಗ್ರಾಂ ಬೆಲೆ ಕೇಳಿ ಎದೆ ಹಿಡಿದುಕೊಳ್ಳುವ ನಾವು ಆಗ ಚಿನ್ನವನ್ನು ಕಸದ ಬುಟ್ಟಿಗೆ ಹಾಕಿದ್ದೆವು. ಕ್ಯಾನ್ಸರಿನ ಕೆಲವು ಔಷಧಿಗಳಲ್ಲೂ ಮೊಬೈಲಿನ ಚಿಪ್‌ನಲ್ಲೂ ಇದೇ ವಿದ್ಯೆ ಇದೆ.

ಹೀಗಾಗಿ ವಿದ್ಯೆಯ ಮೇಲೆ ನನಗೆ ತಕರಾರಿಲ್ಲ, ಲೆಕ್ಕದ ಮೇಲಿದೆ. 45 ಕಿಲೋ ಯೂರಿಯಾ ಚೀಲದಲ್ಲಿ ಸಾರಜನಕ ನೂರಕ್ಕೆ 46, ಅಂದರೆ 20 ಕಿಲೋ 700 ಗ್ರಾಂ. ಅರ್ಧ ಲೀಟರ್ ಬಾಟಲಿಯಲ್ಲಿ ಮೊದಮೊದಲು ಇದ್ದದ್ದು ನೂರಕ್ಕೆ 4. ಬರೀ 20 ಗ್ರಾಂ. ಈಚೆಗೆ ಹೆಚ್ಚಿಸಿದ್ದಾರೆ, ನೂರಕ್ಕೆ 20 ಎಂದು ಹಿಡಿದರೂ 100 ಗ್ರಾಂ. ಇಂಥ ಒಂದು ಬಾಟಲಿ ಒಂದು ಚೀಲಕ್ಕೆ ಸಮ ಎಂದು ಪ್ರಚಾರ ಮಾಡಿದರು. ಮಣ್ಣಿಗೆ ಹಾಕಿದ್ದು ಗಾಳಿಗೆ, ನೀರಿಗೆ ಪೋಲಾಗುತ್ತದೆ ಎನ್ನುತ್ತಾರೆ, ನಿಜ. ಮುಕ್ಕಾಲು ಪಾಲು ಪೋಲಾದರೂ ಐದು ಕಿಲೋ ಉಳಿಯಿತಲ್ಲ? ಕಣ ಸಣ್ಣದಾದರೆ ಎಲೆಯೊಳಗೆ ಇಳಿಯುವುದು ಸುಲಭವಾಗಬಹುದು. ಆದರೆ ಬಾಟಲಿಯಲ್ಲಿ ಇಲ್ಲದ ಸಾರಜನಕ ಎಲೆಯಲ್ಲಿ ಹುಟ್ಟುವುದಿಲ್ಲ.

ದುಡ್ಡು ಕೊಟ್ಟಾಗಿತ್ತು, ಚೆಲ್ಲಲು ಮನಸ್ಸಾಗಲಿಲ್ಲ. ಆರು ಸಾಲಿಗೆ ಚೀಲದ ಯೂರಿಯಾ ಹಾಕದೆ, ಲೀಟರಿಗೆ 4 ಮಿಲಿಯಂತೆ ಬಾಟಲಿಯದನ್ನು ಹೊಡೆದೆ. ಅರ್ಧದಷ್ಟು ಹನಿಗಳು ಕೆಸುವಿನ ಎಲೆಯ ಮೇಲಿನ ನೀರಿನಂತೆ ಜಾರಿ ನೆಲಕ್ಕೆ ಬಿದ್ದವು. ಎರಡು ವಾರದೊಳಗೆ ಆ ಸಾಲುಗಳ ಕೆಳಗಿನ ಎಲೆಗಳು ತುದಿಯಿಂದ ನಡುನರದ ಗುಂಟ ಹಳದಿಯಾದವು; ಸಾರಜನಕ ಸಾಲದಾದಾಗ ಗೋವಿನಜೋಳ ತೋರಿಸುವ ಗುರುತು ಅದೇ. ಪಕ್ಕದ ಸಾಲು ಕಪ್ಪುಹಸಿರಾಗಿತ್ತು. ಆರು ಸಾಲು ನೋಡಿ ತೀರ್ಪು ಕೊಡಬಾರದು ಎಂದು ಮಕ್ಕಳಿಗೆ ನಾನೇ ಕಲಿಸಿದ್ದೇನೆ, ಕೊಡುವುದಿಲ್ಲ.

ಗೊಬ್ಬರದ ಜೊತೆ ಬೇರೆ ಸರಕು ಲಿಂಕ್ ಮಾಡುವಂತಿಲ್ಲ ಎಂದು ಸರ್ಕಾರವೇ ಹೇಳಿದೆ. ಆ ಮಾತು ಅಂಗಡಿಯ ಕಟ್ಟೆಯವರೆಗೂ ಬರಲಿ. ಜೊತೆಗೆ ಕೃಷಿ ಇಲಾಖೆ ಹೋಬಳಿಗೊಂದು ಹೊಲ ಆರಿಸಿ, ಒಂದು ಪಟ್ಟಿಗೆ ಚೀಲದ್ದು, ಇನ್ನೊಂದಕ್ಕೆ ಬಾಟಲಿಯದು ಹಾಕಿ, ಕೊಯ್ಲಿನ ದಿನ ರೈತರ ಎದುರಿಗೇ ತೂಕ ಮಾಡಲಿ. ತೂಕ ಸಮನಾಗಿ ಬಂದರೆ ಬಾಟಲಿಯನ್ನು ನಾನೇ ಕೇಳಿ ಕೊಳ್ಳುತ್ತೇನೆ.

– ನಿವೃತ್ತ ವಿಜ್ಞಾನ ಶಿಕ್ಷಕ, ರಾಣೆಬೆನ್ನೂರು ತಾಲ್ಲೂಕು