ಹನ್ಯಾದಲ್ಲಿ ನಿಮಗೊಂದು ಕೋಣೆ

ಸ್ಟುಟ್‌ಗಾರ್ಟ್
5 ಅಕ್ಟೋಬರ್ 2025

ತೀರ್ಥರೂಪು ಅಪ್ಪನವರಿಗೆ ಮತ್ತು ಮಾತೃಶ್ರೀ ಅಮ್ಮನವರಿಗೆ ನಿಮ್ಮ ಮಗಳು ಮಾಡುವ ಸಾಷ್ಟಾಂಗ ನಮಸ್ಕಾರಗಳು.

ನಾವೆಲ್ಲರೂ ಇಲ್ಲಿ ಕ್ಷೇಮವಾಗಿದ್ದೇವೆ. ನಿಮ್ಮ ಕ್ಷೇಮ ಸಮಾಚಾರಕ್ಕೆ ಆಗಾಗ ಬರೆಯುತ್ತಿರಿ. ಬರುವ ಮೇ ತಿಂಗಳಲ್ಲಿ ನೀವು ನಮ್ಮೊಡನೆ ಕ್ರೀಟ್ ದ್ವೀಪಕ್ಕೆ ಬಂದರೆ ಎಲ್ಲಿ ಉಳಿಯುವುದು, ಎಷ್ಟು ಮೆಟ್ಟಿಲು ಹತ್ತಬೇಕು, ಮೊಟ್ಟೆ ಮೀನು ಸೋಕದ ಊಟ ಸಿಗುತ್ತದೆಯೇ ಎಂದು ವಿಜಯದಶಮಿಯ ದಿನ ಅಮ್ಮ ಕೇಳಿದ ಪ್ರಶ್ನೆಗಳಿಗೆ ಫೋನಿನಲ್ಲಿ ಪೂರ್ತಿ ಉತ್ತರ ಹೇಳಲು ಆಗಲಿಲ್ಲ. ಸೆಪ್ಟೆಂಬರಿನಲ್ಲಿ ನಾವು ಮೂವರೂ ಅಲ್ಲಿಗೆ ಹೋದಾಗ ಒಂದೇ ಕಡೆ ತಂಗದೆ ಬೇರೆ ಬೇರೆ ಬಗೆಯ ಹೋಟೆಲುಗಳಲ್ಲಿ ಉಳಿದದ್ದಕ್ಕೆ ನಿಮ್ಮ ಪ್ರಯಾಣದ ಯೋಚನೆಯೂ ಒಂದು ಕಾರಣ. ಆದ್ದರಿಂದ ಕಂಡದ್ದನ್ನು ವಿವರವಾಗಿಯೇ ಬರೆಯುತ್ತಿದ್ದೇನೆ.

ಕ್ರೀಟ್ ಗ್ರೀಸ್ ದೇಶದ ಅತಿ ದೊಡ್ಡ ದ್ವೀಪ. ಪೂರ್ವದಿಂದ ಪಶ್ಚಿಮಕ್ಕೆ ಸುಮಾರು 260 ಕಿಲೋಮೀಟರ್ ಉದ್ದವಿದ್ದು, ನಡುವೆ ಬೆಟ್ಟಗಳ ಸಾಲು ಹಬ್ಬಿದೆ. ಹೀಗಾಗಿ ಹೋಟೆಲಿನ ಹೆಸರು ನೋಡುವುದಕ್ಕೆ ಮೊದಲು ದ್ವೀಪದ ಯಾವ ತುದಿಯಲ್ಲಿ, ಯಾವ ದಿಕ್ಕಿನ ಕರಾವಳಿಯಲ್ಲಿ ಇರಬೇಕು ಎಂಬುದನ್ನು ತೀರ್ಮಾನಿಸಿಕೊಳ್ಳಬೇಕು. ಇಲ್ಲದಿದ್ದರೆ ರಜೆಯ ಅರ್ಧ ಕಾಲ ಕಾರಿನಲ್ಲೇ ಕಳೆಯುತ್ತದೆ. ನಾವು ಪಶ್ಚಿಮ ತುದಿಯ ಹನ್ಯಾ ಪಟ್ಟಣವನ್ನು ಆರಿಸಿಕೊಂಡೆವು. ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಏಜಿಯನ್ ಸಮುದ್ರದ ಮೇಲೆ ಉತ್ತರದಿಂದ ಬೀಸುವ, ಅಲ್ಲಿನವರು ಮೆಲ್ತೆಮಿ ಎಂದು ಕರೆಯುವ ಗಾಳಿಗೆ ಉತ್ತರ ಕರಾವಳಿಯಲ್ಲಿ ಅಲೆಗಳು ಜೋರಾಗುತ್ತವೆ. ಬಿಸಿಲೂ ಜನಜಂಗುಳಿಯೂ ಬಾಡಿಗೆಯೂ ಅದೇ ತಿಂಗಳುಗಳಲ್ಲಿ ಹೆಚ್ಚು. ಸೆಪ್ಟೆಂಬರಿನಲ್ಲಿ ನೀರು ಬೆಚ್ಚಗಿರುವುದು ನಿಜವಾದರೂ ಆಗ ಪಕ್ಷಮಾಸ ಬರುವುದರಿಂದ ಅಪ್ಪ ಊರು ಬಿಟ್ಟು ಹೊರಡಲಾರರು. ಮೇ ತಿಂಗಳ ಎರಡನೆಯ ಭಾಗದಲ್ಲಾದರೆ ಚಳಿಗಾಲದಲ್ಲಿ ಮುಚ್ಚಿದ್ದ ಹೋಟೆಲುಗಳೆಲ್ಲ ತೆರೆದಿರುತ್ತವೆ, ನಡೆದಾಡಲು ಹವೆ ಹಿತವಾಗಿರುತ್ತದೆ, ಬಿಳಿಬೆಟ್ಟಗಳೆಂದು ಹೆಸರಾದ 2,400 ಮೀಟರಿಗೂ ಎತ್ತರದ ಶಿಖರಗಳ ಮೇಲೆ ಒಂದಿಷ್ಟು ಹಿಮವೂ ಉಳಿದಿರುವುದುಂಟು. ನೀರು ತಣ್ಣಗಿದ್ದರೂ ನೀವಿಬ್ಬರೂ ಈಜಲು ಹೋಗುವವರಲ್ಲವಾದ್ದರಿಂದ ಅದು ದೊಡ್ಡ ತೊಂದರೆಯಲ್ಲ.

ನಾವು ಮೊದಲು ಇಳಿದುಕೊಂಡದ್ದು ಹಳೆಯ ಬಂದರಿನ ಹಿಂದಿನ ತೊಪನಾಸ್ ಎಂಬ ಕೇರಿಯ ಒಂದು ಹಳೆಯ ಮನೆಯಲ್ಲಿ. ಅಪ್ಪನಿಗೆ ಇದನ್ನು ತೋರಿಸಲೇಬೇಕು ಎಂದು ಒಳಗೆ ಕಾಲಿಟ್ಟ ಕ್ಷಣದಿಂದಲೇ ನನಗೆ ಅನ್ನಿಸುತ್ತಿತ್ತು. 13ನೇ ಶತಮಾನದಿಂದ ವೆನಿಸ್‌ನವರು ಈ ದ್ವೀಪವನ್ನು ಆಳಿದರು. 1645ರಲ್ಲಿ ಹನ್ಯಾ ಆಟೊಮನ್ ತುರ್ಕರ ಕೈಸೇರಿತು. 1913ರಲ್ಲಿ ಕ್ರೀಟ್ ಗ್ರೀಸಿನೊಡನೆ ಸೇರಿದಾಗ ಅಲ್ಲಿನ ಬಂದರಿನ ಕೋಟೆಯ ಮೇಲೆಯೇ ಗ್ರೀಕ್ ಧ್ವಜ ಏರಿತು. ಈ ಮೂರೂ ಕಾಲಗಳು ಆ ಕೇರಿಯ ಮನೆಗಳ ಗೋಡೆಗಳಲ್ಲಿ ಒಂದರ ಮೇಲೊಂದು ಕಾಣಿಸುತ್ತವೆ: ಕೆಳಗೆ ವೆನಿಸ್ ಕಾಲದ ಕಲ್ಲಿನ ಕಮಾನು, ಮೇಲೆ ತುರ್ಕರ ಕಾಲದ ಮರದ ಚಾಚು ಕಿಟಕಿ, ನಡುವೆ ಈಚಿನವರು ಬಳಿದ ಸುಣ್ಣ. ಹಿಂದೆ ವ್ಯಾಪಾರಿಗಳೂ ಅಧಿಕಾರಿಗಳೂ ಇದ್ದ ಇಂಥ ಮನೆಗಳಲ್ಲಿ ಅನೇಕವು ಈಗ ನಾಲ್ಕಾರು ಕೋಣೆಗಳ ಚಿಕ್ಕ ಹೋಟೆಲುಗಳಾಗಿವೆ. ನಾವಿದ್ದ ಮನೆಯ ನಡುವೆ ನಮ್ಮ ತೊಟ್ಟಿಮನೆಯ ಅಂಗಳದ ಹಾಗೆ ಆಕಾಶಕ್ಕೆ ತೆರೆದ ಕಲ್ಲುಹಾಸಿನ ಚೌಕವಿತ್ತು. ಅದರ ಸುತ್ತ ಕೋಣೆಗಳು, ಮೂಲೆಯಲ್ಲಿ ಒಂದು ನಿಂಬೆ ಗಿಡ, ಗೋಡೆಯ ಮೇಲೆ ಹಬ್ಬಿದ ಕಾಗದದ ಹೂವಿನ ಬಳ್ಳಿ. ಬೆಳಗಿನ ತಿಂಡಿಯನ್ನು ಆ ಅಂಗಳದಲ್ಲೇ ಬಡಿಸುತ್ತಿದ್ದರು. ಮನೆಯೊಡತಿ ತಾವೇ ತಟ್ಟೆ ತಂದಿಟ್ಟು, ರಾತ್ರಿ ನಿದ್ದೆ ಬಂತೇ ಎಂದು ಪುಟ್ಟಿಯನ್ನೂ ಬಿಡದೆ ಎಲ್ಲರನ್ನೂ ವಿಚಾರಿಸುತ್ತಿದ್ದರು. ಗಟ್ಟಿ ಮೊಸರಿನ ಮೇಲೆ ಬೆಟ್ಟದ ಕಡೆಯ ಜೇನುತುಪ್ಪ, ಅಂಜೂರ, ಸೊಪ್ಪು ತುಂಬಿದ ಪುಟ್ಟ ಕಡುಬುಗಳು, ಎಲ್ಲವೂ ಆ ಮನೆಯ ಅಡುಗೆಮನೆಯಿಂದಲೇ ಬರುತ್ತಿದ್ದವು. ಸಂಜೆ ಐದು ನಿಮಿಷ ನಡೆದರೆ ಬಂದರು. ಅದರ ಬಾಯಲ್ಲಿ ವೆನಿಸ್‌ನವರು ಕಟ್ಟಿಸಿ, 19ನೇ ಶತಮಾನದಲ್ಲಿ ಈಜಿಪ್ಟಿನವರ ಆಡಳಿತದ ಕಾಲದಲ್ಲಿ ಮಿನಾರದ ಆಕಾರದಲ್ಲಿ ಮತ್ತೆ ಎದ್ದ ದೀಪಸ್ತಂಭ.

ಇಷ್ಟು ಮೆಚ್ಚಿಕೊಂಡ ಮೇಲೆ ಅಂಥ ಮನೆಗಳ ಕಷ್ಟಗಳನ್ನೂ ಹೇಳಬೇಕು. ಅವು ಸಂರಕ್ಷಿತ ಕಟ್ಟಡಗಳಾದ್ದರಿಂದ ಬಹುತೇಕ ಕಡೆ ಲಿಫ್ಟ್ ಇರುವುದಿಲ್ಲ. ಮೇಲಿನ ಕೋಣೆಗಳಿಗೆ ಕಡಿದಾದ ಮರದ ಮೆಟ್ಟಿಲುಗಳನ್ನು ಹಿಡಿದುಕೊಂಡೇ ಹತ್ತಬೇಕು. ಹಳೆಯ ಪಟ್ಟಣದ ಓಣಿಗಳಿಗೆ ಕಾರು ಬರುವುದಿಲ್ಲವಾದ್ದರಿಂದ ಟ್ಯಾಕ್ಸಿ ಬಿಟ್ಟ ಕಡೆಯಿಂದ ಪೆಟ್ಟಿಗೆಗಳನ್ನು ಕಲ್ಲುಹಾದಿಯ ಮೇಲೆ ಎಳೆದುಕೊಂಡು ಹೋಗಬೇಕಾಗುತ್ತದೆ. ಬಂದರಿನ ಎದುರಿನ ಕೋಣೆಗಳ ಚಿತ್ರಗಳು ಎಲ್ಲಕ್ಕಿಂತ ಚೆನ್ನಾಗಿ ಕಂಡರೂ ಅವುಗಳ ಕೆಳಗೇ ಊಟದ ಹೋಟೆಲುಗಳೂ ಬಾರುಗಳೂ ತಡರಾತ್ರಿಯವರೆಗೆ ನಡೆಯುವುದರಿಂದ ಬೇಗ ಮಲಗುವವರಿಗೆ ಅವು ಆಗಿಬರುವುದಿಲ್ಲ. ಎರಡು ಓಣಿ ಹಿಂದಕ್ಕೆ ಸರಿದರೆ ಸದ್ದು ಅಡಗುತ್ತದೆ, ಬಾಡಿಗೆಯೂ ಇಳಿಯುತ್ತದೆ. ಗ್ರೀಸಿನಲ್ಲಿ ಬೇಸಿಗೆಯ ತಿಂಗಳುಗಳಲ್ಲಿ ಮಧ್ಯಾಹ್ನ 3ರಿಂದ 5.30ರವರೆಗೆ ಗದ್ದಲ ಮಾಡಬಾರದೆಂಬ ನಿಯಮವಿದೆ ಎಂದು ಕೇಳಿದರೆ ಅಪ್ಪನಿಗೆ ಸಂತೋಷವಾಗಬಹುದು. ಊಟದ ನಂತರದ ನಿದ್ದೆಗೆ ಅಲ್ಲಿ ಇಡೀ ಊರಿನ ಒಪ್ಪಿಗೆಯಿದೆ.

ಪಟ್ಟಣದ ಪಶ್ಚಿಮಕ್ಕೆ ಅಯಾ ಮರೀನಾ, ಪ್ಲಾತಾನಿಯಾಸ್ ಎಂಬ ಊರುಗಳ ಕಡಲ ತೀರದುದ್ದಕ್ಕೂ ದೊಡ್ಡ ರೆಸಾರ್ಟುಗಳ ಸಾಲೇ ಇದೆ. ಅಲ್ಲಿ ನಾವಿದ್ದ ರೆಸಾರ್ಟಿನಲ್ಲಿ ಕೈಗೊಂದು ಪಟ್ಟಿ ಕಟ್ಟಿ, ಮೂರು ಹೊತ್ತಿನ ಊಟವನ್ನೂ ಪಾನೀಯಗಳನ್ನೂ ಬಾಡಿಗೆಯಲ್ಲೇ ಸೇರಿಸಿದ್ದರು. ಲಿಫ್ಟ್, ಈಜುಕೊಳ, ಮಕ್ಕಳ ಆಟದ ಜಾಗ ಎಲ್ಲವೂ ಇದ್ದುದರಿಂದ ಪುಟ್ಟಿ ಅಲ್ಲಿಂದ ಹೊರಡಲು ಒಪ್ಪಲೇ ಇಲ್ಲ. ಚಿಕ್ಕ ಮಕ್ಕಳಿರುವವರಿಗೆ ಅದು ನಿಜವಾಗಿಯೂ ಒಳ್ಳೆಯ ಏರ್ಪಾಡು. ಆದರೆ ಊಟಕ್ಕೆ ಮೊದಲೇ ಹಣ ಕೊಟ್ಟಿರುವುದರಿಂದ ಹೊರಗೆ ಹೋಗಿ ಊರಿನ ಅಡುಗೆ ಉಣ್ಣಲು ಮನಸ್ಸು ಬರುವುದಿಲ್ಲ, ಆಚೆ ಬೀದಿಯಲ್ಲಿ ಯಾವ ದೇಶವಿದೆ ಎಂಬುದೇ ತಿಳಿಯದೆ ರಜೆ ಮುಗಿದುಬಿಡುತ್ತದೆ. ನಮ್ಮೂರು ಸಾಗರದಿಂದ ಅಷ್ಟು ದೂರ ಪ್ರಯಾಣ ಮಾಡಿ ಬಂದ ನಿಮ್ಮನ್ನು ಅಂಥ ಕಡೆ ಕೂರಿಸಲು ನನಗೆ ಇಷ್ಟವಿಲ್ಲ.

ದಕ್ಷಿಣ ಕರಾವಳಿಯ ಲುತ್ರೊ ಎಂಬ ಹಳ್ಳಿಗೂ ಹೋಗಿದ್ದೆವು. ಅಲ್ಲಿಗೆ ಕಾರಿನ ರಸ್ತೆಯೇ ಇಲ್ಲ. ದೋಣಿಯಲ್ಲಿ ಹೋಗಬೇಕು, ಇಲ್ಲವೇ ಬೆಟ್ಟದ ಹಾದಿಯಲ್ಲಿ ನಡೆಯಬೇಕು. ಬಿಳಿ ಗೋಡೆ, ನೀಲಿ ಕಿಟಕಿಯ ವಸತಿಗೃಹಗಳು ನೀರಿನ ಅಂಚಿನಲ್ಲೇ ಇವೆ. ಅಷ್ಟು ಸೊಗಸಾದ ಜಾಗವನ್ನು ನಾನು ಬೇರೆಲ್ಲೂ ನೋಡಿಲ್ಲ. ಆದರೆ ಗಾಳಿ ಜೋರಾದರೆ ದೋಣಿ ನಿಲ್ಲುತ್ತದೆ, ವೈದ್ಯರು ಬೇಕಾದರೂ ದೋಣಿಯನ್ನೇ ಕಾಯಬೇಕು. ನಿಮ್ಮೊಡನೆ ಹಗಲು ಹೋಗಿ ಸಂಜೆಗೆ ಮರಳುವುದಷ್ಟೇ ಸರಿ.

ಹೋಟೆಲ್ ಆರಿಸುವಾಗ ಅಪ್ಪ ತಾರೆಗಳ ಸಂಖ್ಯೆಯನ್ನೇ ನೋಡುತ್ತೀರೆಂದು ಬಲ್ಲೆ. ಗ್ರೀಸಿನಲ್ಲಿ ಹೋಟೆಲುಗಳಿಗೆ ಒಂದರಿಂದ ಐದು ತಾರೆಗಳನ್ನು ಕೊಟ್ಟರೆ, ಬಾಡಿಗೆ ಕೋಣೆಗಳ ಚಿಕ್ಕ ವಸತಿಗೃಹಗಳಿಗೆ ಒಂದರಿಂದ ನಾಲ್ಕು ಬೀಗದಕೈಗಳ ಗುರುತು ಕೊಡುತ್ತಾರೆ. ಈ ಗುರುತುಗಳು ಕೋಣೆಯ ಅಳತೆ, ಸೌಕರ್ಯ, ಸೇವೆಗಳನ್ನು ಅಳೆಯುತ್ತವೆಯೇ ಹೊರತು ಮನೆಯವರ ಮುತುವರ್ಜಿಯನ್ನಾಗಲಿ ರಾತ್ರಿಯ ನಿಶ್ಶಬ್ದವನ್ನಾಗಲಿ ಅಳೆಯುವುದಿಲ್ಲ. ಅದಕ್ಕಾಗಿ ನಾನು ಮೊದಲು ನಕ್ಷೆ ನೋಡುತ್ತೇನೆ: ಹೋಟೆಲಿಗೂ ಕಡಲಿಗೂ ನಡುವೆ ದೊಡ್ಡ ರಸ್ತೆ ಇದೆಯೇ, ಹತ್ತಿರ ಬಾರುಗಳಿವೆಯೇ, ದಾರಿ ಏರುದಾರಿಯೇ ಎಂದು. ಆಮೇಲೆ ಉಳಿದು ಹೋದವರ ಅಭಿಪ್ರಾಯಗಳನ್ನು ಓದುವಾಗ ಅವರು ಯಾವ ತಿಂಗಳಲ್ಲಿ ಬಂದಿದ್ದರು ಎಂಬುದನ್ನೂ ಗಮನಿಸುತ್ತೇನೆ, ಏಕೆಂದರೆ ಆಗಸ್ಟ್ ತಿಂಗಳ ಗದ್ದಲದ ದೂರು ಮೇ ತಿಂಗಳಿಗೆ ಅನ್ವಯಿಸಲಾರದು, ಹಾಸಿಗೆ ಗಟ್ಟಿ ಎಂಬ ದೂರು ಮಾತ್ರ ವರ್ಷವಿಡೀ ಅನ್ವಯಿಸುತ್ತದೆ. ಕೊನೆಗೆ ಮನೆಯವರಿಗೇ ನೇರವಾಗಿ ಬರೆದು, ನೆಲಮಟ್ಟದ ಕೋಣೆ ಇದೆಯೇ, ಸ್ನಾನದ ಜಾಗಕ್ಕೆ ಹೊಸ್ತಿಲು ಎಷ್ಟು ಎತ್ತರ ಎಂದು ವಿಚಾರಿಸುತ್ತೇನೆ. ಅದಕ್ಕೆ ಅಳತೆ ಹೇಳಿ ಚಿತ್ರ ಕಳುಹಿಸುವವರು ಒಳ್ಳೆಯ ಆತಿಥೇಯರು ಎಂಬುದು ನನ್ನ ನಂಬಿಕೆ, ಈವರೆಗೆ ಅದು ಸುಳ್ಳಾಗಿಲ್ಲ.

ಬಾಡಿಗೆಯಲ್ಲದೆ ಸರ್ಕಾರದ ಒಂದು ಶುಲ್ಕವನ್ನೂ ಹೋಟೆಲಿನಲ್ಲೇ ಕೊಡಬೇಕಾಗುತ್ತದೆ. 2023ರ ಕಾಡ್ಗಿಚ್ಚು ಮತ್ತು ಪ್ರವಾಹಗಳ ನಂತರ ಪ್ರಕೃತಿ ವಿಕೋಪಗಳ ಖರ್ಚಿಗೆಂದು 2024ರಲ್ಲಿ ಇದನ್ನು ಜಾರಿಗೆ ತಂದರು. 2025ರಿಂದ ಏಪ್ರಿಲ್‌ನಿಂದ ಅಕ್ಟೋಬರ್‌ವರೆಗಿನ ತಿಂಗಳುಗಳಲ್ಲಿ ಒಂದು ಕೋಣೆಗೆ ಒಂದು ರಾತ್ರಿಗೆ ಒಂದು ಮತ್ತು ಎರಡು ತಾರೆಯ ಹೋಟೆಲುಗಳಲ್ಲಿ 2 ಯೂರೋ, ಮೂರು ತಾರೆಗೆ 5, ನಾಲ್ಕಕ್ಕೆ 10, ಐದಕ್ಕೆ 15 ಯೂರೋ ಆಗುತ್ತದೆ. ಕೋಣೆಯ ಲೆಕ್ಕವಾದ್ದರಿಂದ ನೀವಿಬ್ಬರಿಗೂ ಸೇರಿ ಒಂದೇ ಶುಲ್ಕ.

ಇನ್ನು ಅಮ್ಮನ ಊಟದ ವಿಷಯ. ಕ್ರೀಟಿನಲ್ಲಿ ಸಸ್ಯಾಹಾರಿಗಳಿಗೆ ಚಿಂತೆಯಿಲ್ಲ, ಏಕೆಂದರೆ ಅಲ್ಲಿನ ಆರ್ಥೊಡಾಕ್ಸ್ ಕ್ರೈಸ್ತರು ಈಸ್ಟರಿಗೆ ಮುಂಚಿನ ದೀರ್ಘ ಉಪವಾಸಗಳಲ್ಲಿ ಮಾಂಸ, ಮೊಟ್ಟೆ, ಹಾಲು ಬಿಡುವುದರಿಂದ ತರಕಾರಿ ಕಾಳುಗಳ ಅಡುಗೆ ಅವರಿಗೆ ಚೆನ್ನಾಗಿ ರೂಢಿಯಾಗಿದೆ. ಹಳದಿ ಬೇಳೆಯನ್ನು ಬೇಯಿಸಿ ನುಣ್ಣಗೆ ಅರೆದು ಈರುಳ್ಳಿ, ಆಲಿವ್ ಎಣ್ಣೆ ಹಾಕಿ ಕೊಡುವ ಫಾವಾ, ಟೊಮೇಟೊ ಮತ್ತು ದಪ್ಪಮೆಣಸಿನಕಾಯಿಯೊಳಗೆ ಅಕ್ಕಿ ತುಂಬಿ ಬೇಯಿಸಿದ ಗೆಮಿಸ್ತಾ, ದೊಡ್ಡ ಬಿಳಿ ಅವರೆಯಂಥ ಕಾಳಿನ ಪಲ್ಯ ಎಲ್ಲ ಕಡೆಯೂ ಸಿಗುತ್ತವೆ. ನಾವು ಹೋದಾಗ ವ್ಲಿತಾ ಎಂಬ ಸೊಪ್ಪನ್ನು ಬೇಯಿಸಿ ನಿಂಬೆರಸ ಹಿಂಡಿ ತಂದಿಟ್ಟರು. ನೋಡಿದರೆ ಅದು ಹರಿವೆಯದೇ ಜಾತಿ! ಗೆಮಿಸ್ತಾದಲ್ಲಿ ಕೆಲವರು ಖೀಮಾ ಸೇರಿಸುವುದರಿಂದ ಅದನ್ನು ಮಾತ್ರ ಕೇಳಿ ತಿಳಿದುಕೊಳ್ಳಬೇಕು. ಆ ಕೆಲಸ ನನಗಿರಲಿ. ಶೌಚಾಲಯದಲ್ಲಿ ನೀರಿನ ಜೆಟ್ ಇರುವುದಿಲ್ಲ, ಕೊಳವೆಗಳು ಕಿರಿದಾದ್ದರಿಂದ ಕಾಗದವನ್ನೂ ಕಮೋಡಿಗೆ ಹಾಕದೆ ಪಕ್ಕದ ಬುಟ್ಟಿಗೆ ಹಾಕುವಂತೆ ಬರೆದಿರುತ್ತಾರೆ. ಆದ್ದರಿಂದ ಒಂದು ಹಗುರವಾದ ಪ್ಲಾಸ್ಟಿಕ್ ಚೊಂಬನ್ನು ಪೆಟ್ಟಿಗೆಯಲ್ಲಿ ಇಟ್ಟುಕೊಳ್ಳಿ.

ಇದನ್ನೆಲ್ಲ ಯೋಚಿಸಿ ನಾನೂ ಇವರೂ ಒಂದು ತೀರ್ಮಾನಕ್ಕೆ ಬಂದಿದ್ದೇವೆ. ಮೊದಲ ಒಂದೆರಡು ರಾತ್ರಿ ತೊಪನಾಸ್ ಕೇರಿಯ ಅದೇ ಮನೆಯಲ್ಲಿ, ಅಂಗಳಕ್ಕೆ ಬಾಗಿಲಿರುವ ನೆಲಮಟ್ಟದ ಕೋಣೆಯಲ್ಲಿ ನೀವಿರಬೇಕು. ಹಳೆಯ ಮನೆಗಳೆಂದರೆ ಪ್ರಾಣ ಬಿಡುವ ಅಪ್ಪನಿಗೆ ಆ ಗೋಡೆಗಳ ನಡುವೆ ಮಲಗಿ ಏಳುವ ಸಂತೋಷ ಸಿಗಲೇಬೇಕು. ಉಳಿದ ದಿನಗಳಿಗೆ ಹಳೆಯ ಪಟ್ಟಣದ ಪಕ್ಕದಲ್ಲೇ ಇರುವ ನೆಯಾ ಹೋರಾ ಎಂಬ ಬಡಾವಣೆಯಲ್ಲಿ ಲಿಫ್ಟ್ ಇರುವ ಸಾಧಾರಣ ಹೋಟೆಲ್ ಸಾಕು. ಅಲ್ಲಿ ನೆಲ ಸಮತಟ್ಟು, ಟ್ಯಾಕ್ಸಿ ಬಾಗಿಲವರೆಗೆ ಬರುತ್ತದೆ, ಎದುರಿಗೇ ಮರಳಿನ ತೀರ, ಬಂದರಿಗೂ ನಿಧಾನವಾಗಿ ನಡೆದೇ ಹೋಗಬಹುದು. ಅಮ್ಮನ ಮಂಡಿಗೆ ಇದಕ್ಕಿಂತ ಅನುಕೂಲದ ಜಾಗ ಅಲ್ಲಿ ನನಗೆ ಕಾಣಲಿಲ್ಲ.

ನೀವು ಹೆಚ್ಚು ದಿನ ನಮ್ಮ ಮನೆಯಲ್ಲೇ ಇರುವುದರಿಂದ ಜರ್ಮನಿ, ಗ್ರೀಸ್ ಸೇರಿ ಯುರೋಪಿನ ಹಲವು ದೇಶಗಳಿಗೆ ಒಂದೇ ಆಗಿರುವ ಷೆಂಗೆನ್ ವೀಸಾಕ್ಕೆ ಜರ್ಮನಿಯ ಮೂಲಕವೇ ಅರ್ಜಿ ಹಾಕಬೇಕು. ಅದರೊಡನೆ ಉಳಿಯುವ ಜಾಗದ ದಾಖಲೆಯನ್ನೂ ಕನಿಷ್ಠ 30,000 ಯೂರೋ ಮೊತ್ತದ ಪ್ರವಾಸ ವಿಮೆಯನ್ನೂ ಕೊಡಬೇಕಾಗುತ್ತದೆ. ವೀಸಾ ಕೈಗೆ ಬರುವ ಮೊದಲೇ ಕೋಣೆ ಕಾದಿರಿಸಬೇಕಾದ್ದರಿಂದ ದಂಡವಿಲ್ಲದೆ ರದ್ದು ಮಾಡಬಹುದಾದ ಕೋಣೆಗಳನ್ನೇ ಹಿಡಿಯುತ್ತೇನೆ. ನಿಮ್ಮಿಬ್ಬರ ಪಾಸ್‌ಪೋರ್ಟಿನ ಮೊದಲ ಮತ್ತು ಕೊನೆಯ ಪುಟಗಳ ಪ್ರತಿಯನ್ನು ತಮ್ಮನ ಕೈಯಲ್ಲಿ ಕಳುಹಿಸಿಕೊಡಿ. ಹೆಸರಿನ ಅಕ್ಷರಗಳು ಕೋಣೆಯ ಕಾಗದದಲ್ಲಿಯೂ ಹಾಗೆಯೇ ಇರಬೇಕು. ಮನೆಯೊಡತಿ ಆ ಅಂಗಳದ ಕೋಣೆಯನ್ನು ದೀಪಾವಳಿಯವರೆಗೆ ಬೇರೆಯವರಿಗೆ ಕೊಡದೆ ನಮಗಾಗಿ ಇಟ್ಟುಕೊಳ್ಳುವುದಾಗಿ ಬರೆದಿದ್ದಾರೆ, ಆದ್ದರಿಂದ ಅಷ್ಟರೊಳಗೆ ನಿಮ್ಮ ಒಪ್ಪಿಗೆಯನ್ನು ತಿಳಿಸಿ.

ಅಜ್ಜಿಗೆ ನಮ್ಮೆಲ್ಲರ ನಮಸ್ಕಾರಗಳನ್ನು ತಿಳಿಸಿ. ಪುಟ್ಟಿ ನಿಮ್ಮನ್ನು ದಿನವೂ ಕೇಳುತ್ತಿರುತ್ತಾಳೆ.

ಇಂತಿ ನಿಮ್ಮ ಪ್ರೀತಿಯ ಮಗಳು,
ವಿದ್ಯಾ